ಪಿತಾಮಹರಿಗೆ ಐದೇ ನಿಮಿಷ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಮಾಡುವ ಮನಸ್ಸುಂಟು ಮಾರಾಯ್ರೆ, ಕೇಳಿ.

ಉಡುಪಿ ರಾಜಾಂಗಣದಲ್ಲಿ ಕಛೇರಿ ಅಂತ ಇಟ್ಟುಕೊಳ್ಳಿ. ದೊಡ್ಡ ಕೃತಿ ಮುಗಿದು, ಮೃದಂಗ ಒಂದೇ ನುಡಿಯುವ ತನಿ ಆವರ್ತನವೂ ಆಗಿ, ಮೃದಂಗದವರು ಬೆವರು ಒರಸಿಕೊಳ್ತಾ ಇದ್ದಾರೆ. ಅರ್ಧ ಜನ ಚಪ್ಪಲಿ ಹುಡುಕಲಿಕ್ಕೆ ಎದ್ದಾಯಿತು. ಆಗ ಎದುರಿನ ಸಾಲಿನಿಂದ ವೇದಿಕೆಗೆ ಒಂದು ಚೀಟಿ ಹೋಗ್ತದೆ: ‘ಜಗದೋದ್ಧಾರನ’. ಗಾಯಕರು ಚೀಟಿ ನೋಡಿ ನಗ್ತಾರೆ, ಐದು ನಿಮಿಷ ಹಾಡ್ತಾರೆ, ಮಂಗಳ. ಕರ್ನಾಟಕ ಸಂಗೀತದ ಪಿತಾಮಹ ಅಂತ ನಾವೇ ಬಿರುದು ಕೊಟ್ಟ ಪುರಂದರದಾಸರಿಗೆ ಸಿಕ್ಕಿದ್ದು ಅಷ್ಟು.

ಗೌರವಕ್ಕೇನೂ ಕೊರತೆ ಇಲ್ಲ. ತ್ಯಾಗರಾಜರೇ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಅವರನ್ನು ನೆನೆದಿದ್ದಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. 1964ರಲ್ಲಿ ಭಾರತ ಸರ್ಕಾರದ ಅಂಚೆಚೀಟಿ ಬಂತು. ಹುಟ್ಟಿದ್ದು ಪುಣೆ ಹತ್ತಿರದ ಪುರಂದರಗಡದಲ್ಲೋ, ನಮ್ಮ ಆಗುಂಬೆ ಘಾಟಿ ಹತ್ತಿದರೆ ಸಿಗುವ ತೀರ್ಥಹಳ್ಳಿ ಕಡೆಯ ಆರಗದಲ್ಲೋ ಅಂತ ತಜ್ಞರ ಸಮಿತಿಯೇ ಕೂತಿತು. ಮೂಗುತಿಯ ಕಥೆ ಎಲ್ಲರಿಗೂ ಬಾಯಿಪಾಠ, ಅದು ಬಿಡಿ. ಇಷ್ಟೆಲ್ಲ ಆದ ಮೇಲೂ ಅವರ ಸುಳಾದಿ ಎಲ್ಲಿ ಹೋಯಿತು ಅಂತ ಕೇಳುವವರು ಕಡಿಮೆ.

ಸುಳಾದಿ ಅಂದರೆ ದೇವರನಾಮದ ಹಾಗೆ ಪಲ್ಲವಿಗೆ ತಿರುಗಿ ತಿರುಗಿ ಬರುವ ಹಾಡಲ್ಲ. ಒಂದೊಂದು ನುಡಿಗೆ ಒಂದೊಂದು ತಾಳ. ಧ್ರುವದಲ್ಲಿ ಹೊರಟು ಮಠ್ಯ, ಝಂಪೆ, ಅಟ್ಟ ಅಂತ ನಡೆ ಬದಲಾಗ್ತಾ ಹೋಗಿ, ಕೊನೆಗೆ ‘ಜತೆ’ ಅನ್ನುವ ಎರಡು ಸಾಲಿನಲ್ಲಿ ಮುಗಿಯುತ್ತದೆ. ಸಂಗೀತ ಕಲಿಯುವ ಮಕ್ಕಳ ಅಲಂಕಾರದ ಪಾಠ ಕೇಳಿ ನೋಡಿ: ‘ಸರಿಗಮ, ಗರಿ, ಸರಿಗರಿ, ಸರಿಗಮ’. ಹದಿನಾಲ್ಕು ಅಕ್ಷರದ ಧ್ರುವ ತಾಳ ಅದು. ತೊಡೆ ಕೆಂಪಾಗುವಷ್ಟು ಬಡಿದು ಮಕ್ಕಳು ಸುಳಾದಿ ಸಪ್ತತಾಳ ಕಲಿಯುತ್ತಾರೆ. ಆಮೇಲೆ ಆದಿ, ರೂಪಕ, ಮಿಶ್ರಛಾಪುಗಳಲ್ಲೇ ಬಹುಪಾಲು ಆಯುಷ್ಯ ಕಳೆಯುತ್ತಾರೆ. ಹೆಸರಿನಲ್ಲೇ ಸುಳಾದಿ ಇದ್ದರೂ, ಆ ಮಕ್ಕಳು ಕಛೇರಿಯಲ್ಲಿ ಒಂದು ಸುಳಾದಿ ಕೇಳದೆಯೇ ವಿದ್ವತ್ ಪರೀಕ್ಷೆಗೂ ಕೂತಾರು!

ಮನೆ, ಮಠಗಳಲ್ಲಿ ಸುಳಾದಿ ಉಂಟಲ್ಲ ಅಂತೀರಿ. ಉಂಟು, ಪಾರಾಯಣಕ್ಕೆ. ಅದು ಭಕ್ತಿಗೆ ಸಾಕು, ತಪ್ಪು ಹೇಳುವುದಿಲ್ಲ. ಆದರೆ ಲಯದ ಮೇಲೆ ಅಷ್ಟು ಹಿಡಿತವಿದ್ದ ವಾಗ್ಗೇಯಕಾರ, ಅಂದರೆ ಮಾತು-ಸಂಗೀತ ಎರಡನ್ನೂ ತಾನೇ ಕಟ್ಟಿದವ, ಅಲ್ಲಿ ಕಾಣುವುದಿಲ್ಲ.

ವಿದ್ವಾಂಸರ ಉತ್ತರ ನನಗೆ ಗೊತ್ತುಂಟು: ‘ಮೂಲ ಮಟ್ಟು, ಅಂದರೆ ಹಾಡುವ ಧಾಟಿ, ಕಳೆದುಹೋಗಿದೆ.’ ಸ್ವಾಮೀ, ದೇವರನಾಮದ ಮಟ್ಟಾದರೂ ಉಳಿದಿದೆಯಾ? ನೀವು ಚೀಟಿ ಕೊಟ್ಟು ಕೇಳುವ ಆ ಕಾಪಿ ರಾಗದ ‘ಜಗದೋದ್ಧಾರನ’ದ ಮಟ್ಟು ಇಪ್ಪತ್ತನೇ ಶತಮಾನದ್ದು. ಅದಕ್ಕೆ ಹೊಸ ಮಟ್ಟು ಹಾಕಬಹುದಾದರೆ ಸುಳಾದಿಗೇನು ಅಡ್ಡಿ? ಇಲ್ಲಿ ಸಣ್ಣ ಸುಳಿವೂ ಉಂಟು. ತಂಜಾವೂರಿನ ತುಳಜ ಮಹಾರಾಜ ‘ಸಂಗೀತ ಸಾರಾಮೃತ’ದಲ್ಲಿ ರಾಗಲಕ್ಷಣಕ್ಕೆ ಉದಾಹರಣೆಯಾಗಿ ಸುಳಾದಿಗಳ ತುಣುಕು ಕೊಟ್ಟಿದ್ದಾನೆ. ಹದಿನೆಂಟನೇ ಶತಮಾನದವರೆಗೂ ಅದು ಹಾಡಿನ ಸಾಮಾನೇ ಆಗಿತ್ತು ಅಂತಾಯಿತು.

ಅಸಲು ಕಾರಣ ಬೇರೆ. ಸುಳಾದಿಗೆ ಅಭ್ಯಾಸ ಬೇಕು, ಪಕ್ಕವಾದ್ಯದವರೊಟ್ಟಿಗೆ ಮೊದಲೇ ಕೂರಬೇಕು. ಚೀಟಿ ನೋಡಿ ಹಾಡಲಿಕ್ಕಾಗುವುದಿಲ್ಲ.

ಪುಷ್ಯ ಅಮಾವಾಸ್ಯೆಗೆ ದಾಸರ ಆರಾಧನೆ ಮಾಡುವ ಸಂಘಟಕರೇ, ಅತಿಥಿಗಳ ಭಾಷಣಕ್ಕೆ ಇಟ್ಟ ಅರ್ಧ ಗಂಟೆ ಈ ಸಲ ಒಂದು ಸುಳಾದಿಗೆ ಕೊಡಿ. ಕಛೇರಿಯ ನಡುವಿಗೇ ಇಡಿ, ತನಿಯೂ ಅದಕ್ಕೇ ಬರಲಿ. ಮೃದಂಗದವರಿಗೆ ಮಾತ್ರ ತಿಂಗಳ ಮೊದಲೇ ಫೋನ್ ಮಾಡಿ ಹೇಳಿ.