ಕೋಡ್ ಬಂದ ತಕ್ಷಣ ಸೆನ್ಸರ್ ಬದಲಿಸಬೇಡಿ: ಮೊದಲು ಮೂರು ವೈರ್ ಚೆಕ್ ಮಾಡಿ

[ಪರದೆ: ಹಿಟಾಚಿಯ ಡಿಸ್‌ಪ್ಲೇ, ಅದರ ಮೇಲೆ 100-4]

ನಮಸ್ಕಾರ. ಕಲ್ಲು ಕ್ವಾರಿಯಲ್ಲಿ ಹಿಟಾಚಿ ನಿಂತಿದೆ. ಟಿಪ್ಪರ್‌ಗಳು ಸಾಲಾಗಿ ಕಾಯುತ್ತಿವೆ. ಡಿಸ್‌ಪ್ಲೇ ಮೇಲೆ ಆಯಿಲ್ ಪ್ರೆಶರ್ ಕೋಡ್. ಮಾಲೀಕರು ಫೋನ್ ಮಾಡಿ, "ಅಣ್ಣಾ, ಸೆನ್ಸರ್ ಹೋಗಿದೆಯಂತೆ, ಹೊಸದು ತರಿಸ್ಲಾ?" ಅಂತ ಕೇಳುತ್ತಾರೆ.

ಸ್ವಲ್ಪ ತಡೆಯಿರಿ. ಕೋಡ್ ದೂರು ಹೇಳುತ್ತಿರುವುದು ಇಡೀ ಸರ್ಕ್ಯೂಟಿನ ಮೇಲೆ. ಅದರಲ್ಲಿ ಸೆನ್ಸರ್ ಇದೆ, ವೈರ್ ಜೋಡಿಸುವ ಕಪ್ಲರ್ ಇದೆ, ವೈರಿಂಗ್ ಇದೆ, ಇಂಜಿನ್ನಿನ ಕಂಪ್ಯೂಟರ್ ಅಂದರೆ ಇಸಿಎಂ ಇದೆ. ಇವುಗಳಲ್ಲಿ ಕೆಟ್ಟಿದ್ದು ಯಾವುದು ಅಂತ ತಿಳಿಯಬೇಕಾದರೆ ಮಲ್ಟಿಮೀಟರ್ ಹಿಡಿಯಲೇಬೇಕು.

ಮೊದಲು ಕೋಡ್ ಓದೋಣ. ಜೆ1939 ಅಂದರೆ ದೊಡ್ಡ ಯಂತ್ರಗಳ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಪದ್ಧತಿ. ಆ ಪದ್ಧತಿಯ ಯಂತ್ರಗಳಲ್ಲಿ ಕೋಡ್‌ಗೆ ಎರಡು ನಂಬರ್ ಇರುತ್ತವೆ. ಮೊದಲನೆಯದು ಎಸ್‌ಪಿಎನ್. ಯಾವ ಅಳತೆಯಲ್ಲಿ ತೊಂದರೆ ಅಂತ ಅದು ಹೇಳುತ್ತದೆ. 100 ಅಂದರೆ ಇಂಜಿನ್ ಆಯಿಲ್ ಪ್ರೆಶರ್. 110 ಅಂದರೆ ಕೂಲೆಂಟ್ ಟೆಂಪರೇಚರ್. ಎರಡನೆಯದು ಎಫ್‌ಎಂಐ, ತೊಂದರೆ ಯಾವ ಥರದ್ದು ಅನ್ನುವುದು. ಜಾಸ್ತಿ ಜನ ಮೊದಲ ನಂಬರ್ ಮಾತ್ರ ನೋಡಿ ಪಾರ್ಟ್ ಆರ್ಡರ್ ಮಾಡುತ್ತಾರೆ. ನನ್ನ ಪ್ರಕಾರ ಅಸಲಿ ವಿಷಯ ಇರುವುದು ಎರಡನೆಯದರಲ್ಲಿ.

100-1 ಬಂದರೆ ಸೆನ್ಸರ್ ಸರಿಯಾಗಿಯೇ ಅಳೆದಿದೆ, ಆಯಿಲ್ ಪ್ರೆಶರ್ ನಿಜವಾಗಿ ಇಳಿದಿದೆ ಅಂತ ಇಸಿಎಂ ಹೇಳುತ್ತಿದೆ. ತಕ್ಷಣ ಇಂಜಿನ್ ಆಫ್ ಮಾಡಿ. ಲೆವೆಲ್ ನೋಡಿ, ಮೆಕ್ಯಾನಿಕಲ್ ಗೇಜ್ ಹಾಕಿ ಪ್ರೆಶರ್ ಅಳೆಯಿರಿ. 100-3 ಅಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲಿದೆ, 100-4 ಅಂದರೆ ಕೆಳಗಿದೆ. ಇವೆರಡೂ ಕರೆಂಟಿನ ತೊಂದರೆಗಳು. ಹಾಗಂತ ಗಾಡಿ ಓಡಿಸಬೇಡಿ. ಪ್ರೆಶರ್ ನಿಜವಾಗಿ ಇಳಿದರೂ ಈಗ ಗೊತ್ತಾಗುವುದಿಲ್ಲ, ಅಲ್ವಾ?

[ಪರದೆ: ಮೂರು ವೈರಿನ ಚಿತ್ರ, ಪಕ್ಕದಲ್ಲಿ 5, 0 ಮತ್ತು ಸಿಗ್ನಲ್]

ಪ್ರೆಶರ್ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರ್. ಒಂದರಲ್ಲಿ ಇಸಿಎಂ 5 ವೋಲ್ಟ್ ಕಳಿಸುತ್ತದೆ. ಇನ್ನೊಂದು ಅರ್ತ್. ಮೂರನೆಯದರಲ್ಲಿ ಸಿಗ್ನಲ್ ವಾಪಸ್ ಬರುತ್ತದೆ. ಪ್ರೆಶರ್ ಇಲ್ಲದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ತಿ ಪ್ರೆಶರ್ ಇದ್ದಾಗ ಸುಮಾರು 4.5. ಇದನ್ನು ಸೊನ್ನೆಯಿಂದ ಐದರವರೆಗೆ ಯಾಕೆ ಇಟ್ಟಿಲ್ಲ? ಹಾಗೆ ಇಟ್ಟಿದ್ದರೆ, ಸಿಗ್ನಲ್ ಸೊನ್ನೆ ಬಂದಾಗ ಪ್ರೆಶರ್ ಇಲ್ಲವೋ, ವೈರ್ ಬಾಡಿಗೆ ತಾಗಿದೆಯೋ ಅಂತ ಇಸಿಎಂಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಮೇಲೆ ಅರ್ಧ ವೋಲ್ಟ್, ಕೆಳಗೆ ಅರ್ಧ ವೋಲ್ಟ್ ಜಾಗ ಬಿಟ್ಟಿದ್ದಾರೆ. ಒಳ್ಳೆಯ ಸೆನ್ಸರ್ ಆ ಜಾಗಕ್ಕೆ ಹೋಗುವುದೇ ಇಲ್ಲ. ಸಿಗ್ನಲ್ ಅಲ್ಲಿಗೆ ಹೋಯಿತು ಅಂದರೆ ಕೋಡಿನ ಎರಡನೇ ನಂಬರ್ 3 ಅಥವಾ 4 ಬರುತ್ತದೆ. ಈ ಒಂದು ವಿಷಯ ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಈಗ ಗಾಡಿ ಹತ್ತಿರ ಹೋಗೋಣ. ಕೀ ಆಫ್ ಮಾಡಿ ಸೆನ್ಸರಿನ ಕಪ್ಲರ್ ಬಿಚ್ಚಿ. ಮೀಟರ್ ಇಡುವ ಮುಂಚೆ ಟಾರ್ಚ್ ಹಾಕಿ ಒಳಗೆ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಇದೆಯಾ? ಒಳಗೆ ನೀರಿನ ಪಸೆ ಇದೆಯಾ? ಯಾವುದಾದರೂ ಪಿನ್ ಹಿಂದಕ್ಕೆ ಸರಿದಿದೆಯಾ? ಸಂಡೂರು ಕಡೆಯ ಗಣಿಗಳಲ್ಲಾಗಲಿ, ಜಲ್ಲಿ ಕ್ರಷರ್‌ಗಳಲ್ಲಾಗಲಿ, ಧೂಳು ಹತ್ತಿದ ಇಂಜಿನ್ನಿಗೆ ಜೋರಾಗಿ ನೀರು ಹೊಡೆದು ತೊಳೆಯುತ್ತಾರೆ. ಆ ನೀರು ಸೀಲ್ ದಾಟಿ ಕಪ್ಲರ್ ಒಳಗೆ ನುಗ್ಗುತ್ತದೆ. ದಯವಿಟ್ಟು ಕಪ್ಲರ್‌ಗಳ ಮೇಲೆ ನೇರವಾಗಿ ಹೊಡೆಯಬೇಡಿ.

ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಮೀಟರಿನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ತುದಿ ವೈರಿಂಗ್ ಕಡೆಯ 5 ವೋಲ್ಟ್ ಪಿನ್‌ಗೆ. ಸುಮಾರು 5 ಬರಬೇಕು. ಬಂತಾ? ಈಗ ಕೆಂಪು ಅಲ್ಲೇ ಇರಲಿ, ಕಪ್ಪನ್ನು ಕಪ್ಲರಿನ ಅರ್ತ್ ಪಿನ್‌ಗೆ ತನ್ನಿ. ಅದೇ 5 ಬರಬೇಕು. ಬರದಿದ್ದರೆ ಅರ್ತ್ ವೈರ್ ಕಟ್ ಆಗಿದೆ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಿಲುಬು ಹಿಡಿದ ಅರ್ತ್ ಕೂಡ ಇಲ್ಲಿ ಪಾಸ್ ಆಗಬಹುದು. ಅನುಮಾನ ಇದ್ದರೆ ಸೆನ್ಸರ್ ವಾಪಸ್ ಜೋಡಿಸಿ, ಕಪ್ಲರಿನ ಹಿಂದಿನಿಂದ ತೆಳು ಪಿನ್ ಇಳಿಸಿ, ಅರ್ತ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆಯಿರಿ. 0.1 ವೋಲ್ಟ್ ಮೀರಿದರೆ ಅರ್ತ್ ದಾರಿ ಹುಡುಕಿ.

ಮೀಟರಿನ ದಪ್ಪ ಮೊನೆಯನ್ನು ಮಾತ್ರ ಹೆಣ್ಣು ಪಿನ್ ಒಳಗೆ ತುರುಕಬೇಡಿ. ಪಿನ್ ಅಗಲವಾಗುತ್ತದೆ. ಇವತ್ತು ಇಲ್ಲದ ಲೂಸ್ ಕಾಂಟ್ಯಾಕ್ಟ್ ನಾಳೆ ನಿಮ್ಮ ಕೈಯಿಂದಲೇ ಹುಟ್ಟುತ್ತದೆ. ವೈರಿನ ಸಿಪ್ಪೆ ಚುಚ್ಚಿ ಅಳೆಯುವುದೂ ಬೇಡ, ಆ ತೂತಿನಿಂದ ನೀರು ಇಳಿಯುತ್ತದೆ.

ಈಗ 100-4 ಬಂದ ಗಾಡಿಯಲ್ಲಿ ಸೆನ್ಸರ್ ಬಿಚ್ಚಿಟ್ಟು ಕೋಡ್ ನೋಡಿ. ಎಷ್ಟೋ ಇಂಜಿನ್‌ಗಳಲ್ಲಿ ಸಿಗ್ನಲ್ ವೈರ್ ಖಾಲಿ ಬಿಟ್ಟರೆ ವೋಲ್ಟೇಜ್ ಮೇಲೇರುತ್ತದೆ. ಅಂಥ ಕಡೆ 4 ಹೋಗಿ 3 ಬಂದರೆ ವೈರಿಂಗೂ ಇಸಿಎಮ್ಮೂ ಚೆನ್ನಾಗಿವೆ, ಸೆನ್ಸರೇ ಒಳಗೆ ಶಾರ್ಟ್ ಆಗಿದೆ. ಬಿಚ್ಚಿದರೂ 4 ಹಾಗೇ ಉಳಿದರೆ ಸಿಗ್ನಲ್ ವೈರ್ ಎಲ್ಲೋ ಅರ್ತ್‌ಗೆ ತಾಗಿದೆ. ಕ್ಲಾಂಪ್ ಇರುವ ಜಾಗ, ಬ್ರಾಕೆಟ್ಟಿನ ಅಂಚು, ಬಿಸಿ ಪೈಪಿನ ಪಕ್ಕ, ಇವನ್ನು ಮೊದಲು ನೋಡಿ. ಕೆಲವು ಇಂಜಿನ್‌ಗಳಲ್ಲಿ ಖಾಲಿ ವೈರ್ ಕೆಳಗಿಳಿದು 4 ತೋರಿಸುತ್ತದೆ. ಆದ್ದರಿಂದ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡದೆ ತೀರ್ಮಾನ ಮಾಡಬೇಡಿ.

[ಪರದೆ: ಡಿಸ್‌ಪ್ಲೇ ತುಂಬ ಕೋಡ್‌ಗಳು]

ಒಂದೇ ಸಲ ನಾಲ್ಕೈದು ಸೆನ್ಸರ್ ಕೋಡ್ ಬಂದರೆ? ಅಷ್ಟೂ ಒಟ್ಟಿಗೆ ಕೆಡುವುದು ಅಪರೂಪ. ಒಂದೇ 5 ವೋಲ್ಟ್ ಲೈನ್ ಹಲವು ಸೆನ್ಸರ್‌ಗಳಿಗೆ ಹೋಗಿರುತ್ತದೆ. ಒಂದು ಶಾರ್ಟ್ ಆದರೆ ಉಳಿದವನ್ನೂ ಮಲಗಿಸುತ್ತದೆ. ಜೊತೆಗೆ 3509 ಇದ್ದರೆ ಅದು ಸೆನ್ಸರ್ ಸಪ್ಲೈ ಕೋಡ್, ಅಲ್ಲಿಂದಲೇ ಶುರು ಮಾಡಿ. 5 ವೋಲ್ಟ್ ಲೈನ್ ಮೇಲೆ ಮೀಟರ್ ಇಟ್ಟುಕೊಂಡು ಒಂದೊಂದೇ ಸೆನ್ಸರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವಾಪಸ್ ಬರುತ್ತದೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬರದಿದ್ದರೆ ವೈರಿಂಗ್ ಅಥವಾ ಇಸಿಎಂ. ಇತ್ತೀಚೆಗೆ ಬಕೆಟ್ ವೆಲ್ಡಿಂಗ್ ಆಗಿತ್ತಾ ಅಂತಲೂ ಕೇಳಿ. ಬ್ಯಾಟರಿ ಬಿಚ್ಚದೆ, ಅರ್ತ್ ಕ್ಲಾಂಪ್ ದೂರ ಹಾಕಿ ವೆಲ್ಡ್ ಮಾಡಿದರೆ ಇಸಿಎಂಗೆ ಪೆಟ್ಟು ಬೀಳಬಹುದು.

ಟೆಂಪರೇಚರ್ ಸೆನ್ಸರಿಗೆ ಎರಡೇ ವೈರ್. ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ತುಂಬಾ ಕಡೆ ಬಳಸುವ ಒಂದು ಬಾಷ್ ಮಾದರಿಯಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 100 ಡಿಗ್ರಿಗೆ ಸುಮಾರು 186. ಮೀಟರ್ ಇಲ್ಲದೆಯೂ ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಸ್ಕ್ಯಾನರಿನಲ್ಲಿ ಕೂಲೆಂಟ್, ಗಾಳಿ, ಫ್ಯುಯಲ್ ಟೆಂಪರೇಚರ್ ನೋಡಿ. ಮೂರೂ ಹತ್ತಿರ ಹತ್ತಿರ ಇರಬೇಕು. ಎರಡು 24 ತೋರಿಸಿ ಒಂದು 60 ತೋರಿಸಿದರೆ ಎಲ್ಲಿ ನೋಡಬೇಕು ಅಂತ ಗೊತ್ತಾಯಿತು.

ಬಂದು ಹೋಗುವ ಫಾಲ್ಟ್ ಆದರೆ ಇಂಜಿನ್ ಐಡಲ್‌ನಲ್ಲಿಟ್ಟು ಒಬ್ಬರು ಸ್ಕ್ಯಾನರ್ ನೋಡಲಿ. ಇನ್ನೊಬ್ಬರು ಫ್ಯಾನ್, ಬೆಲ್ಟಿನಿಂದ ಕೈ ದೂರ ಇಟ್ಟುಕೊಂಡು ವೈರಿಂಗನ್ನು ಗೇಣು ಗೇಣಾಗಿ ಅಲುಗಾಡಿಸಲಿ. ನಂಬರ್ ಹಾರಿದ ಜಾಗದಲ್ಲಿ ಕೈ ನಿಲ್ಲಿಸಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಲೋಡ್ ಹಾಕಿ ಗಾಡಿ ಓಡಿಸಿ ನೋಡಿ. ಅಳೆದ ವೋಲ್ಟೇಜ್‌ಗಳನ್ನು ಜಾಬ್ ಕಾರ್ಡಿನಲ್ಲಿ ಬರೆದಿಡಿ. ಮುಂದಿನ ವಿಡಿಯೋದಲ್ಲಿ ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರ್ ನೋಡೋಣ. ಅಲ್ಲಿ 60 ಓಮ್ ಬರಬೇಕಾದ ಕಡೆ 120 ಬಂದರೆ ಏನರ್ಥ ಅಂತ ಕಾಮೆಂಟಿನಲ್ಲಿ ಬರೆಯಿರಿ.