ಮೂರನೆಯ ಸಾಲು ಎಲ್ಲಿ ಹೋಯಿತು? ರೊಟ್ಟಿ ಬಡಿಯುವಾಗ ಅವ್ವ ಗುನುಗುವ ಹಾಡಿನ ಬೆನ್ನು ಹತ್ತಿ

[ದೃಶ್ಯ: ಅಡುಗೆಮನೆ, ಬೆಳಗಿನ ಏಳು ಗಂಟೆ. ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ಜೋಳದ ರೊಟ್ಟಿ ತಿರುಗುತ್ತಿದೆ. ಮೊದಲ ಹದಿನೈದು ಸೆಕೆಂಡು ಮಾತಿಲ್ಲ. ಬಡಿತದ ಸದ್ದು, ಅದರ ಅಡಿಯಲ್ಲಿ ಒಂದು ಗುನುಗು.]

ಕೇಳಿಸಿತೇ? ಕೈಯ ಸದ್ದಲ್ಲ, ಅದರ ಅಡಿಯಲ್ಲಿರುವ ಗುನುಗು. ಹಾಡುತ್ತಿರುವವಳು ನನ್ನ ಅವ್ವ. ಇದು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆ. ಬುದ್ಧಿ ತಿಳಿದಾಗಿನಿಂದ ಈ ಹಾಡನ್ನು ಕೇಳುತ್ತಿದ್ದೇನೆ. ಎರಡು ಸಾಲುಗಳನ್ನು ಅವಳು ಸ್ಪಷ್ಟವಾಗಿ ಹಾಡುತ್ತಾಳೆ. ಮೂರನೆಯದಕ್ಕೆ ಬಂದ ಕೂಡಲೇ ಮಾತು ಕರಗಿ ಬರೀ "ಹೂಂ... ಹೂಂ..." ಉಳಿಯುತ್ತದೆ. ಅಷ್ಟರಲ್ಲಿ ರೊಟ್ಟಿ ಹಂಚಿಗೆ ಬಿದ್ದಿರುತ್ತದೆ.

ಹಾಡಿನಲ್ಲಿ ನಡೆಯುವುದು ಇಷ್ಟು: ಗಂಡನ ಮನೆಯ ಮಾಳಿಗೆ ಹತ್ತಿ ಮಗಳೊಬ್ಬಳು ತವರಿನ ದಾರಿ ನೋಡುತ್ತಿದ್ದಾಳೆ. ದೂರದಲ್ಲಿ ಧೂಳು ಏಳುತ್ತದೆ. ಒಂದು ಬಂಡಿ ಬರುತ್ತಿದೆ. ಯಾರ ಬಂಡಿ? ಅಲ್ಲಿಗೆ "ಹೂಂ". ಅಣ್ಣ ಕರೆಯಲು ಬಂದ ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಅವ್ವನೂ ಹಾಗೆಯೇ ಅಂದುಕೊಂಡಿದ್ದಳು.

ಈ ವಿಡಿಯೋ ಹುಟ್ಟಿದ್ದು ವಿಜಯಪುರದ ವೀಕ್ಷಕರೊಬ್ಬರ ಪ್ರಶ್ನೆಯಿಂದ. ಅವರು ಕೇಳಿದ್ದು ಹೀಗೆ: "ಅಪ್ಪ ಗಡ್ಡ ಹೆರೆಯುವಾಗ ರೇಡಿಯೋದಲ್ಲಿ ಬರುತ್ತಿದ್ದ ಹಳೆಯ ಹಾಡುಗಳು ನಾನು ಹುಟ್ಟುವುದಕ್ಕೆ ಮೊದಲಿನವು. ಈಗ ಅವು ಕಿವಿಗೆ ಬಿದ್ದರೆ ನನ್ನದೇ ಬಾಲ್ಯ ನೆನಪಾಗುತ್ತದೆ. ನನ್ನದಲ್ಲದ ಕಾಲದ ಹಾಡು ನನ್ನ ನೆನಪು ಹೇಗಾಯಿತು?" ಇದನ್ನು ಓದಿದ ದಿನವೇ ಅವ್ವನ ಮೂರನೆಯ ಸಾಲನ್ನು ಹುಡುಕಬೇಕು ಎಂದು ನಿರ್ಧರಿಸಿದೆ. ಎರಡೂ ಒಂದೇ ಪ್ರಶ್ನೆ ಎಂದು ನನಗೆ ಅನ್ನಿಸಿತ್ತು.

ಮೊದಲು ಮೆದುಳಿನ ವಿಷಯವನ್ನು ಬೇಗ ಮುಗಿಸುತ್ತೇನೆ. 2009ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ಜನಾಟಾ ಎಂಬ ವಿಜ್ಞಾನಿ 13 ವಿದ್ಯಾರ್ಥಿಗಳನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಅವರು ಬೆಳೆಯುವ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳ ತುಣುಕುಗಳನ್ನು ಕೇಳಿಸಿದರು. ಹಾಡು ಸ್ವಂತ ಬದುಕಿನ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದೆ, ನಡುಭಾಗದಲ್ಲಿರುವ ಒಂದು ಪ್ರದೇಶ ಚುರುಕಾಗುತ್ತಿತ್ತು. ನಮ್ಮ ಬಗ್ಗೆ ನಾವು ಯೋಚಿಸುವಾಗ ಕೆಲಸ ಮಾಡುವ ಪ್ರದೇಶವೂ ಅದೇ. ಹಾಡಿಗೂ "ನಾನು" ಎಂಬುದಕ್ಕೂ ಅಲ್ಲಿ ನಂಟು ಬೀಳುತ್ತದೆ.

ಸರಿ, ಅವು ಆ ವಿದ್ಯಾರ್ಥಿಗಳ ಕಾಲದ್ದೇ ಹಾಡುಗಳು. ನಮ್ಮ ವೀಕ್ಷಕರು ಕೇಳಿದ್ದು ಅಪ್ಪನ ಕಾಲದ ಹಾಡಿನ ಬಗ್ಗೆ. ಅದಕ್ಕೂ ಒಂದು ಅಧ್ಯಯನವಿದೆ, ಮತ್ತು ಅದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಅವರು ಜಸ್ಟಿನ್ ಜುಪ್ನಿಕ್ ಅವರೊಂದಿಗೆ ಸೇರಿ, ಇಪ್ಪತ್ತರ ಆಸುಪಾಸಿನ 62 ಮಂದಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಹರೆಯದ ಹಾಡುಗಳಿಗೆ ನೆನಪು ಹೆಚ್ಚು ಬಂದದ್ದು ಸಹಜ. ಆದರೆ ಎಂಬತ್ತರ ದಶಕದ ಆರಂಭದ ಹಾಡುಗಳ ಬಳಿಯೂ ನೆನಪಿನ ಗೆರೆ ಮತ್ತೆ ಮೇಲೇರಿತು. ಆಗ ಇವರು ಹುಟ್ಟಿರಲಿಲ್ಲ, ಇವರ ತಂದೆತಾಯಿ ಹರೆಯದವರಾಗಿದ್ದರು. ಅರವತ್ತರ ದಶಕದ ಹಾಡುಗಳ ಬಳಿ ಇನ್ನೊಂದು ಉಬ್ಬು ಕಾಣಿಸಿತು. ಅದನ್ನು ಅಜ್ಜ ಅಜ್ಜಿಯರ ಪ್ರಭಾವವಿರಬಹುದು ಎಂದು ಸಂಶೋಧಕರು ಊಹಿಸಿದರು.

ಆಸ್ತಿಯನ್ನು ಹಂಚಲು ಕಾಗದ ಬೇಕು, ಸಾಕ್ಷಿ ಬೇಕು. ಹಾಡು ಯಾರೂ ಕೊಡದೆ ಕೈ ಬದಲಾಯಿಸುತ್ತದೆ. ಅಪ್ಪ ಗಡ್ಡ ಹೆರೆಯುತ್ತಿದ್ದರು, ಮಗ ಪಾಟಿಚೀಲ ಹುಡುಕುತ್ತಿದ್ದ, ಅಷ್ಟೇ.

[ದೃಶ್ಯ: ಬಸ್ಸಿನ ಕಿಟಕಿ. ಜೋಳದ ಹೊಲ. ನಂತರ ಬಾದಾಮಿಯ ಕೆಂಪು ಬಂಡೆಗಳು, ಅಗಸ್ತ್ಯತೀರ್ಥದ ನೀರು.]

ಅವ್ವನ ಹಾಡು ಅಜ್ಜಿಯದು. ಅಜ್ಜಿ ಈಗಿಲ್ಲ. ಅಜ್ಜಿಯ ಮನೆಯೂ ಇಲ್ಲ. ಅದು ಹಳೆಯ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿಯ ಹಿನ್ನೀರಿಗೆ ಹೋಯಿತು. 519.60 ಮೀಟರ್ ಎಂಬ ಅಂಕಿ ನಮ್ಮ ಊರಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಅದು ಜಲಾಶಯ ತುಂಬಿದಾಗಿನ ನೀರಿನ ಮಟ್ಟ. ಅಜ್ಜಿಯ ಅಡುಗೆಮನೆ ಅದರ ಕೆಳಗಿದೆ. ಮನೆ ಬಿಡುವಾಗ ಹಿತ್ತಾಳೆ ಪಾತ್ರೆಗಳನ್ನು ಅವ್ವ ತಂದಳು. ಬೀಸುವ ಕಲ್ಲನ್ನು ದೊಡ್ಡವ್ವ ಬಂಡಿಯಲ್ಲಿ ಹೇರಿಕೊಂಡು ಬಾದಾಮಿ ತಾಲ್ಲೂಕಿನ ತನ್ನ ಹಳ್ಳಿಗೆ ಒಯ್ದಳು. ಹಾಡಿನ ಮೂರನೆಯ ಸಾಲು ಯಾರಿಗಾದರೂ ಗೊತ್ತಿದ್ದರೆ ಅದು ದೊಡ್ಡವ್ವನಿಗೇ ಗೊತ್ತಿರಬೇಕು.

ದಾರಿಯಲ್ಲಿ ಬಾದಾಮಿಯಲ್ಲಿ ಇಳಿದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನೀವೂ ನಿಲ್ಲಿ. ಈ ವಿಡಿಯೋದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಅವ್ವ ಹಾಡುವುದು ತ್ರಿಪದಿ. ಮೂರು ಸಾಲು, ಹನ್ನೊಂದು ಗಣ, ಅಂದರೆ ಅಕ್ಷರಗಳ ಹನ್ನೊಂದು ಗುಂಪು. ಮೊದಲ ಸಾಲಿನಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣ, ಅಂದರೆ ಕಿರಿದು. ಉಳಿದವು ವಿಷ್ಣುಗಣ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಮರೆತಿದ್ದೇವೆ. ಸರ್ವಜ್ಞನ ವಚನಗಳು ಈ ಛಂದಸ್ಸಿನಲ್ಲಿವೆ, ಬೀಸುವ ಕಲ್ಲಿನ ಪದಗಳು ಇದರಲ್ಲಿವೆ, ಎಷ್ಟೋ ಜೋಗುಳಗಳೂ ಇದರಲ್ಲಿವೆ. ಈಗ ಬಾದಾಮಿಯ ಕೆರೆಯ ಈಶಾನ್ಯ ತುದಿಯ ಈ ಬಂಡೆಯನ್ನು ನೋಡಿ.

[ದೃಶ್ಯ: ಬಂಡೆಯ ಮೇಲಿನ ಅಕ್ಷರಗಳು, ನಿಧಾನವಾಗಿ ಹತ್ತಿರಕ್ಕೆ.]

ಇದು ಕಪ್ಪೆ ಅರಭಟ್ಟನ ಶಾಸನ. ಕ್ರಿ.ಶ. 700ರ ಆಸುಪಾಸಿನದು. ಐದು ಪದ್ಯಗಳಿವೆ, ಅವುಗಳಲ್ಲಿ ಮೂರು ತ್ರಿಪದಿಗಳು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಶುರುವಾಗುವ ಪದ್ಯವನ್ನು ಕನ್ನಡ ಓದಿದವರೆಲ್ಲ ಕೇಳಿರುತ್ತೀರಿ. ಒಳ್ಳೆಯವನಿಗೆ ಒಳ್ಳೆಯವನು, ಕಾಡುವವನಿಗೆ ಮಾತ್ರ ಬೇರೆಯೇ ಮನುಷ್ಯ. ಒಬ್ಬ ವೀರನ ಹೊಗಳಿಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅರ್ಥವಲ್ಲ. ಬಂಡೆಯ ಎದುರು ನಿಂತು ಆ ಸಾಲುಗಳನ್ನು ಅವ್ವನ ಧಾಟಿಯಲ್ಲಿ ಹಾಡಿದೆ. ಕೂಡಿಕೊಂಡವು! ಹಳಗನ್ನಡದ ಮಾತುಗಳು ಅಡುಗೆಮನೆಯ ಧಾಟಿಯೊಳಗೆ ತೊಡರದೆ ಕುಳಿತವು. 1,300 ವರ್ಷ ಹಳೆಯ ಕಲ್ಲಿನ ಮೇಲಿರುವ ನಡೆ ಇವತ್ತು ಬೆಳಿಗ್ಗೆ ನಮ್ಮ ಕೊಣಮಿಗೆಯ ಮೇಲೂ ಇತ್ತು. ಬಂಡೆಯ ಮೇಲೆ ಕೊರೆಯುವ ಹೊತ್ತಿಗೆ ಅದು ಜನರ ಬಾಯಲ್ಲಿ ಪಳಗಿದ್ದಿರಬೇಕು ಎಂಬುದು ನನ್ನ ನಂಬಿಕೆ. ಯಾರೋ ತಾಯಿ ಅದನ್ನು ಹಾಡುತ್ತಿದ್ದಳು, ಯಾರೋ ಕೂಸು ಕೇಳುತ್ತಿತ್ತು, ಆ ಕೂಸು ಬೆಳೆದು ವೀರನಿಗೆ ಪದ್ಯ ಕಟ್ಟಿತು. ಹೀಗೆ ಊಹಿಸಿಕೊಳ್ಳಲು ನನಗೆ ಬಹಳ ಸುಖವೆನಿಸುತ್ತದೆ. ಕಲ್ಲಿನ ಮೇಲೆ ವೀರನ ಹೆಸರು ಉಳಿಯಿತು. ಬೀಸುತ್ತಾ ಹಾಡು ಕಟ್ಟಿದ ಹೆಂಗಸರ ಹೆಸರು ಎಲ್ಲಿಯೂ ಇಲ್ಲ, ಅವರ ಪದಗಳು ಮಾತ್ರ ಇವೆ.

ಆ ಪದಗಳೂ ಕಳೆದುಹೋಗುತ್ತಿದ್ದವು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. ಅವು 1931ರಲ್ಲಿ 'ಗರತಿಯ ಹಾಡು' ಎಂದು ಪುಸ್ತಕವಾದವು. ಹಿಟ್ಟಿನ ಗಿರಣಿ ಊರಿಗೆ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ರಟ್ಟೆಗೆ ಬಿಡುಗಡೆ ಸಿಕ್ಕಿತು, ಅದು ಆಗಲೇಬೇಕಿತ್ತು. ನಸುಕಿನಲ್ಲಿ ಎದ್ದು ಸೇರುಗಟ್ಟಲೆ ಜೋಳ ಬೀಸಿದವರ ಭುಜದ ನೋವನ್ನು ಮರೆತು ಆ ಕಾಲವನ್ನು ಹೊಗಳಲು ನಾನು ಒಪ್ಪುವುದಿಲ್ಲ. ಆದರೆ ಕೈ ನಿಂತಾಗ ಹಾಡೂ ನಿಂತಿತು.

[ದೃಶ್ಯ: ದೊಡ್ಡವ್ವನ ಮನೆಯ ಪಡಸಾಲೆ.]

ದೊಡ್ಡವ್ವನನ್ನು ಕೇಳಿದೆ. ಎರಡು ಸಾಲು ಹಾಡಿ ತೋರಿಸಿದೆ. ಅವಳು ಬಹಳ ಹೊತ್ತು ಯೋಚಿಸಿ, ನೆನಪಿಲ್ಲ ಎಂದಳು. ಚಹಾ ಬಂತು. ಸೇಂಗಾ ಹೋಳಿಗೆ ಬಂತು. ಮತ್ತೆ ಕೇಳಿದೆ. ಮತ್ತೆ ತಲೆ ಅಲ್ಲಾಡಿಸಿದಳು. ಹಿತ್ತಲಿನಲ್ಲಿ ಬಾಳೆಯ ಬುಡದಲ್ಲಿ ಅಜ್ಜಿಯ ಬೀಸುವ ಕಲ್ಲು ಕುಳಿತಿತ್ತು. ಗೂಟ ಇರಲಿಲ್ಲ. ದೊಡ್ಡವ್ವನ ಮೊಮ್ಮಗ ಒಂದು ಕಟ್ಟಿಗೆ ಕೆತ್ತಿ ಗೂಟ ಬಡಿದ. ವಿಡಿಯೋಗೆ ಒಂದು ದೃಶ್ಯ ಸಿಗಲಿ ಎಂದಷ್ಟೇ ನಾನು ಅವಳನ್ನು ಕಲ್ಲಿನ ಮುಂದೆ ಕೂರಿಸಿದೆ.

[ದೃಶ್ಯ: ಕಲ್ಲು ತಿರುಗುತ್ತದೆ. ಮೊದಲು ಬರೀ ಗರಗರ. ಮೂರನೆಯ ಸುತ್ತಿಗೆ ದೊಡ್ಡವ್ವನ ಧ್ವನಿ. ಇಲ್ಲಿ ಕತ್ತರಿಸಬಾರದು, ಪೂರ್ತಿ ಇರಲಿ.]

ನೋಡಿದಿರಲ್ಲ. ಎರಡನೆಯ ಸಾಲನ್ನು ಅವಳು ಮತ್ತೊಮ್ಮೆ ಮರಳಿ ಹಾಡುತ್ತಾಳೆ, ಮರಳುವ ಹೊತ್ತಿಗೆ ಎಡಗೈ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಬಿಡುತ್ತದೆ. ಕೈ ಹಿಂದಕ್ಕೆ ಬರುವಷ್ಟರಲ್ಲಿ ಮೂರನೆಯ ಸಾಲು ಬಾಯಿಗೆ ಬಂದಿತ್ತು. ಅವಳು ನೆನಪಿಸಿಕೊಳ್ಳಲೇ ಇಲ್ಲ. ಹಾಡಿಬಿಟ್ಟು, ತಾನೇ ಬೆಚ್ಚಿ, ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದಳು.

1975ರಲ್ಲಿ ಗಾಡನ್ ಮತ್ತು ಬ್ಯಾಡ್ಲೀ ಎಂಬ ಇಬ್ಬರು ಮನೋವಿಜ್ಞಾನಿಗಳು ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಮುಳುಗುಗಾರರಿಗೆ ಒಂದಕ್ಕೊಂದು ಸಂಬಂಧವಿಲ್ಲದ 36 ಪದಗಳ ಪಟ್ಟಿಗಳನ್ನು ಕೇಳಿಸಿದರು. ಕೆಲವು ಪಟ್ಟಿಗಳನ್ನು ದಡದ ಮೇಲೆ, ಕೆಲವನ್ನು ನೀರಿನಡಿಯಲ್ಲಿ. ನೀರಿನಡಿಯಲ್ಲಿ ಕಲಿತದ್ದು ನೀರಿನಡಿಯಲ್ಲೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲೇ. 2021ರಲ್ಲಿ ಇದನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ, ಆದ್ದರಿಂದ ಆ ಒಂದು ಪ್ರಯೋಗದ ಮೇಲೆ ಎಲ್ಲ ಭಾರವನ್ನೂ ಹಾಕುವುದು ಸರಿಯಲ್ಲ. ಆದರೂ ನೀರಿನಡಿಗೆ ಹೋಗಿರುವ ಮನೆಯ ಮಗಳು ನನ್ನ ಅವ್ವ. ಮುಳುಗಿದಲ್ಲೇ ಸಿಗುವ ನೆನಪಿನ ಈ ಪ್ರಯೋಗವನ್ನು ನಾನು ಬೇರೆಯವರಂತೆ ಓದಲಾರೆ. ಹೋಗಲು ಮನೆ ಇಲ್ಲದವರಿಗೆ ಒಂದು ಕಲ್ಲು, ಒಂದು ಗೂಟ, ಮುಂಜಾವಿನ ಒಂದು ಸದ್ದು ಮನೆಯ ಕೆಲಸ ಮಾಡುತ್ತದೆ.

ಸಮಯ ಮೀರುತ್ತಿದೆ. ಹೇಳಬೇಕೆಂದಿದ್ದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ವಾಸನೆಯ ದಾರಿ ಇನ್ನೂ ಚಿಕ್ಕದು: ಉಳಿದ ಇಂದ್ರಿಯಗಳ ಸುದ್ದಿ ಥಲಾಮಸ್ ಎಂಬ ನಿಲ್ದಾಣದಲ್ಲಿ ಇಳಿದು ಮುಂದೆ ಸಾಗಿದರೆ, ವಾಸನೆ ಅದನ್ನು ಬಳಸದೆ ಭಾವ ಮತ್ತು ನೆನಪಿನ ಭಾಗಗಳ ಹತ್ತಿರಕ್ಕೆ ಹೋಗುತ್ತದೆ. ಹಂಚಿನ ಮೇಲೆ ರೊಟ್ಟಿ ಉಬ್ಬುವಾಗಿನ ಕಂಪಿಗೆ ಹಾಡಿಗಿಂತ ಮೊದಲೇ ಕಣ್ಣು ತೇವವಾಗುವುದಕ್ಕೆ ಇದೂ ಒಂದು ಕಾರಣವಿರಬಹುದು. ಮರೆವಿನ ಕಾಯಿಲೆಯ ಬಗ್ಗೆ ಹಲವರು ಕೇಳಿದ್ದೀರಿ: 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು, ಬಹುಕಾಲದಿಂದ ಬಲ್ಲ ಹಾಡುಗಳಿಗೆ ಸ್ಪಂದಿಸುವ ಮೆದುಳಿನ ಭಾಗಗಳು ಅಲ್ಜೈಮರ್ ಕಾಯಿಲೆಯಲ್ಲಿ ಬೇರೆ ಭಾಗಗಳಿಗಿಂತ ತಡವಾಗಿ ಸವೆಯುತ್ತವೆ ಎಂದು ತೋರಿಸಿದರು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಹೆಸರು ಕೇಳಿ ಪರೀಕ್ಷೆ ಮಾಡಬೇಡಿ. ಪಕ್ಕದಲ್ಲಿ ಕುಳಿತು ಹಾಡಿ. ಇನ್ನು ರೇಡಿಯೋ: ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಪ್ಪಂದಿರ ಹಾಡುಗಳು ನಮ್ಮ ಕಡೆಯ ಪಡಸಾಲೆಗಳಿಗೆ ಬಂದ ದಾರಿಯ ಬಗ್ಗೆ ಬೇರೆಯೇ ವಿಡಿಯೋ ಮಾಡುತ್ತೇನೆ. ಇಳಕಲ್ ಮತ್ತು ಬನಹಟ್ಟಿಯಿಂದ ಮಗ್ಗದ ಸದ್ದು ಕಳುಹಿಸಿದವರೇ, ನಿಮ್ಮದೂ ಅದರಲ್ಲಿ ಬರುತ್ತದೆ.

ಈಗ ಮೂರನೆಯ ಸಾಲು.

ಬಂದದ್ದು ಅಣ್ಣನ ಬಂಡಿಯಲ್ಲ. ಉಪ್ಪು ಮಾರುವವನ ಬಂಡಿ.

ಅಷ್ಟೇ ಹಾಡು. ಮಗಳು ಮಾಳಿಗೆಯ ಮೇಲೆಯೇ ನಿಂತಿದ್ದಾಳೆ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಪ್ರತಿದಿನ ಬೆಳಿಗ್ಗೆ ಬಂದು ಇಳಿಯುತ್ತಿದ್ದ ಅಣ್ಣ, ಹಾಡಿನಲ್ಲಿ ಬಂದೇ ಇರಲಿಲ್ಲ.

ಮನೆಗೆ ಬಂದು ಮೊಬೈಲಿನಲ್ಲಿ ಅವ್ವನಿಗೆ ಕೇಳಿಸಿದೆ. ಅವಳು ಎರಡು ಸಲ ಕೇಳಿದಳು. "ಉಪ್ಪಿನವನೇ?" ಎಂದಳು. ಅಕ್ಕನ ಧ್ವನಿ ಥೇಟು ಅಜ್ಜಿಯದರಂತೆಯೇ ಇದೆ ಎಂದಳು. ಆಮೇಲೆ ಮೊಬೈಲನ್ನು ನನ್ನ ಕೈಗಿಟ್ಟು ಹಿಟ್ಟು ನಾದಲು ಒಳಗೆ ಹೋದಳು.

ವಿಡಿಯೋದ ಮೊದಲ ದೃಶ್ಯವನ್ನು ನಾನು ಚಿತ್ರಿಸಿದ್ದು ಅದರ ಮರುದಿನ ಬೆಳಿಗ್ಗೆ. ಈಗ ಅದನ್ನೇ ಇನ್ನೊಮ್ಮೆ ಹಾಕುತ್ತೇನೆ.

[ದೃಶ್ಯ: ಅಡುಗೆಮನೆ, ಬೆಳಗಿನ ಏಳು ಗಂಟೆ. ರೊಟ್ಟಿ ತಿರುಗುತ್ತಿದೆ. ಮೊದಲ ಸಾಲು, ಎರಡನೆಯ ಸಾಲು. ನಂತರ "ಹೂಂ... ಹೂಂ..." ರೊಟ್ಟಿ ಹಂಚಿಗೆ ಬೀಳುತ್ತದೆ.]