ಒಂದೇ ಗೋಡೆ, ಮೂರು ನೆಲ

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ, ಡಿಜೋನ್ ನಗರದಿಂದ ದಕ್ಷಿಣಕ್ಕೆ ಬೋನ್ ಪಟ್ಟಣದ ಕಡೆಗೆ ಹೊರಟರೆ ಬಲಗಡೆಯುದ್ದಕ್ಕೂ ತಗ್ಗಾದ ಗುಡ್ಡಸಾಲೊಂದು ಜೊತೆಯಾಗಿ ಬರುತ್ತದೆ. ಅದರ ಇಳಿಜಾರಿನ ತುಂಬ ದ್ರಾಕ್ಷಿ ತೋಟಗಳು. ನಡುವೆ ವೂಜೋ ಎಂಬ ಪುಟ್ಟ ಊರು. ಅದರ ಪಕ್ಕದಲ್ಲಿ ಕಲ್ಲಿನ ಗೋಡೆ ಸುತ್ತುವರಿದ ತೋಟದ ಹೆಸರು ಕ್ಲೋ ದ ವೂಜೋ. ವಿಸ್ತಾರ ಸುಮಾರು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 125 ಎಕರೆ. ಅಲ್ಲಿ ಬೆಳೆಯುವುದು ಪಿನೋ ನುವಾರ್ ಎಂಬ ಕಪ್ಪು ದ್ರಾಕ್ಷಿ. ತಳಿ ಒಂದೇ, ಬೆಳೆಸುವ ಕ್ರಮವೂ ಬಹುಮಟ್ಟಿಗೆ ಒಂದೇ. ಆದರೂ ಗೋಡೆಯ ಮೇಲ್ತುದಿಯ ಸಾಲುಗಳ ವೈನಿಗೂ ಕೆಳತುದಿಯ ಸಾಲುಗಳ ವೈನಿಗೂ ಅಜಗಜಾಂತರ. ಹೀಗಾಗಲು ಕಾರಣವೇನು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ತೋಟ ಹುಟ್ಟಿದ್ದು 12ನೆಯ ಶತಮಾನದ ಆರಂಭದಲ್ಲಿ. 1098ರಲ್ಲಿ ಸ್ಥಾಪನೆಯಾದ ಸಿತೋ ಎಂಬ ಕ್ರೈಸ್ತ ಮಠದ ಸನ್ಯಾಸಿಗಳು ಇಲ್ಲಿ ದಾನವಾಗಿ ಬಂದ ತುಂಡು ನೆಲಗಳನ್ನು ಹಸನು ಮಾಡಿದರು, ಅಕ್ಕಪಕ್ಕದ ತುಂಡುಗಳನ್ನು ಕೊಂಡು ಕೂಡಿಸಿದರು, 14ನೆಯ ಶತಮಾನದ ಹೊತ್ತಿಗೆ ಸುತ್ತ ಗೋಡೆ ಕಟ್ಟಿ ಮುಗಿಸಿದರು. ದುಡಿಮೆಯೇ ಪ್ರಾರ್ಥನೆಯ ಭಾಗ ಎಂದು ನಂಬಿದ್ದ ಪಂಥ ಅವರದು. ಆರು ಶತಮಾನಗಳಿಗೂ ಮೀರಿ ಆ ನೆಲವನ್ನು ನೋಡಿಕೊಂಡವರು ಅವರೇ. ಒಬ್ಬ ಸನ್ಯಾಸಿ ಸತ್ತರೆ ಅವನಿಂದ ಕಲಿತ ಇನ್ನೊಬ್ಬ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ. ಯಾವ ಮೂಲೆಯಲ್ಲಿ ಹಿಮ ಮೊದಲು ಕರಗುತ್ತದೆ, ಎಲ್ಲಿ ಮಳೆನೀರು ನಿಲ್ಲುತ್ತದೆ, ಯಾವ ಸಾಲಿನ ಹಣ್ಣು ಬೇಗ ಬಣ್ಣ ಕಟ್ಟುತ್ತದೆ ಎಂಬುದನ್ನು ತಲೆಮಾರುಗಳ ಕಾಲ ಕಂಡು ತಿಳಿಯುವಷ್ಟು ವ್ಯವಧಾನ ಅವರಿಗಿತ್ತು. ಬರ್ಗಂಡಿಯ ಹೆಸರಿಗೆ ಬುನಾದಿ ಈ ವ್ಯವಧಾನವೇ ಎಂದು ನಾನು ನಂಬಿದ್ದೇನೆ.

ಮೇಲ್ಭಾಗದ ವೈನ್ ಪೋಪ್‌ಗೆ, ನಡುವಿನದು ದೊರೆಗಳಿಗೆ, ಕೆಳಗಿನದು ಮಠದ ಸನ್ಯಾಸಿಗಳ ಊಟಕ್ಕೆ ಎಂದು ಅಲ್ಲಿ ಹಳೆಯ ಮಾತೊಂದಿದೆ. ಇದು ದಂತಕಥೆ. ಆದರೆ ಕಥೆ ಕಟ್ಟಿದವರಿಗೆ ನೆಲದ ಗುಣ ಚೆನ್ನಾಗಿ ಗೊತ್ತಿತ್ತು.

ಮೇಲಿನಿಂದಲೇ ಇಳಿಯುತ್ತ ಬರೋಣ. ಗೋಡೆಯ ಮೇಲ್ತುದಿಯಲ್ಲಿ, ಮ್ಯೂಸಿನಿ ಮತ್ತು ಗ್ರಾನ್ಸ್ ಎಶೆಜೋ ಎಂಬ ಹೆಸರಾಂತ ತೋಟಗಳಿಗೆ ತಾಗಿದ ಭಾಗದಲ್ಲಿ, ಒಂದು ಮೊಳ ಅಗೆಯುವಷ್ಟರಲ್ಲಿ ಗುದ್ದಲಿ ಕಲ್ಲಿಗೆ ತಾಗುತ್ತದೆ. ಮಣ್ಣು ಕಂದು ಬಣ್ಣದ್ದು, ತುಂಬ ಸುಣ್ಣಕಲ್ಲಿನ ಚೂರು. ಅಡಿಯಲ್ಲಿರುವುದು ಹದಿನಾರು ಹದಿನೇಳು ಕೋಟಿ ವರ್ಷಗಳ ಹಿಂದೆ, ಈ ಪ್ರದೇಶ ಬೆಚ್ಚನೆಯ ಆಳವಿಲ್ಲದ ಕಡಲಾಗಿದ್ದಾಗ, ಜಲಚರಗಳ ಚಿಪ್ಪು ಮತ್ತು ಅಸ್ಥಿಗಳು ಕಟ್ಟಿಕೊಂಡು ಗಟ್ಟಿಯಾದ ಕಲ್ಲು. ಅದರಲ್ಲಿ ಬಿರುಕುಗಳು ಹೇರಳ. ಮಳೆ ಬಿದ್ದರೆ ನೀರು ಅವುಗಳಲ್ಲಿ ಇಳಿದುಹೋಗುತ್ತದೆ, ಬೇರು ಅದನ್ನು ಹುಡುಕುತ್ತ ಅದೇ ಬಿರುಕಿಗೆ ಇಳಿಯುತ್ತದೆ. ಇಳಿಜಾರಿನ ನಡುವೆ ಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚುತ್ತದೆ, ಗರಸು ಇನ್ನೂ ಉಳಿದಿರುತ್ತದೆ. ಕೆಳಗೆ ಹೆದ್ದಾರಿಯ ಹತ್ತಿರ ಬಂದರೆ ನೆಲ ಬಹುತೇಕ ಸಮತಟ್ಟು. ಸಾವಿರಾರು ವರ್ಷಗಳ ಮಳೆ ಮೇಲಿನಿಂದ ಕೊಚ್ಚಿ ತಂದ ಮೆಕ್ಕಲು ಅಲ್ಲಿ ದಪ್ಪವಾಗಿ ಕೂತಿದೆ. ಫಲವತ್ತಾದ, ತೇವ ಹಿಡಿದಿಡುವ, ನೀರು ಬೇಗ ಬಸಿಯದ ಮಣ್ಣು. ಈ ಮೇಲಿಗೂ ಕೆಳಗಿಗೂ ಎತ್ತರದ ವ್ಯತ್ಯಾಸವಾದರೂ ಎಷ್ಟು? ಇಪ್ಪತ್ತೈದು ಮೀಟರಿನ ಆಸುಪಾಸು.

ಗೋಧಿಗೋ ತರಕಾರಿಗೋ ಆದರೆ ಕೆಳಗಿನ ನೆಲವೇ ಶ್ರೇಷ್ಠ. ವೈನಿನ ದ್ರಾಕ್ಷಿಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ನೀರು ಧಾರಾಳವಾಗಿ ಸಿಕ್ಕಿದರೆ ಬಳ್ಳಿ ಕುಡಿ ಚಾಚುತ್ತಲೇ ಇರುತ್ತದೆ. ಎಲೆ ದಟ್ಟವಾಗಿ ಗೊಂಚಲಿಗೆ ನೆರಳು ಬೀಳುತ್ತದೆ, ಹಣ್ಣು ದಪ್ಪವಾಗುತ್ತದೆ, ರಸ ನೀರಾಗುತ್ತದೆ. ಕಲ್ಲುನೆಲದಲ್ಲಿ ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ನೀರು ಹಿತಮಿತವಾಗಿ ಕಡಿಮೆಯಾಗುತ್ತದೆ. ಬಳ್ಳಿ ಕುಡಿ ಬಿಡುವುದನ್ನು ನಿಲ್ಲಿಸಿ, ತಯಾರಿಸಿದ ಸಕ್ಕರೆಯನ್ನೆಲ್ಲ ಹಣ್ಣಿಗೆ ಕಳಿಸುತ್ತದೆ. ಹಣ್ಣು ಚಿಕ್ಕದಾಗಿಯೇ ಉಳಿಯುತ್ತದೆ. ಕೆಂಪು ವೈನಿನ ಬಣ್ಣ, ಒಗರು, ಸುವಾಸನೆಯ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಮೇಲಿನ ನೆಲದ ವೈನಿನ ಪರಿಮಳಕ್ಕೂ ನಯಕ್ಕೂ, ಕೆಳಗಿನದರ ಭಾರಕ್ಕೂ ಒರಟುತನಕ್ಕೂ ಮುಖ್ಯ ಕಾರಣ ಹೀಗೆ ನೀರಿನ ಲೆಕ್ಕಾಚಾರ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸುಣ್ಣಕಲ್ಲಿನ ರುಚಿಯೇ ಲೋಟಕ್ಕೆ ಇಳಿದು ಬಂದಿದೆ ಎಂದು ವೈನ್ ಮಾರುವವರು ವರ್ಣಿಸುವುದುಂಟು. ಬೇರು ಕಲ್ಲನ್ನು ತಿನ್ನುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳನ್ನಷ್ಟೇ ಅದು ಹೀರಬಲ್ಲದು, ಅವು ವೈನಿಗೆ ಬರುವುದು ಅತ್ಯಲ್ಪ ಪ್ರಮಾಣದಲ್ಲಿ. ಆ ಕಲ್ಲು ನೀರನ್ನು ಎಷ್ಟು ಹೊತ್ತು ಹಿಡಿದು ಎಷ್ಟು ಬಿಡುತ್ತದೆ, ಬಿಸಿಲಿಗೆ ಎಷ್ಟು ಬೇಗ ಕಾಯುತ್ತದೆ ಎಂಬುದರಲ್ಲಿಯೇ ಅದರ ಮಹಿಮೆ ಇದೆ. ಆ ಮಹಿಮೆ ಸಣ್ಣದೇನಲ್ಲ, ಅದಕ್ಕೆ ಸುಳ್ಳಿನ ಅಲಂಕಾರ ಬೇಕಿಲ್ಲ.

ಇನ್ನು ಹವೆ. ನಂದಿಬೆಟ್ಟದ ತಪ್ಪಲಿನಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆ ಎಂಬುದಿಲ್ಲ, ಆದ್ದರಿಂದ ನಮ್ಮ ಬೆಳೆಗಾರರು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬರ್ಗಂಡಿ 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವಸಂತದಲ್ಲಿ ಕಣ್ಣು ಬಿಡುತ್ತದೆ. ಹೂಬಿಟ್ಟ ನೂರು ದಿನಕ್ಕೆ ಕೊಯ್ಲು ಎಂಬುದು ಅಲ್ಲಿನ ರೈತರ ಹಳೆಯ ಲೆಕ್ಕ. ತೋಟ ಪೂರ್ವಕ್ಕೆ ಮುಖಮಾಡಿರುವುದರಿಂದ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಇಬ್ಬನಿ ಬೇಗ ಆರುತ್ತದೆ. ಪಡುವಣದಿಂದ ಬರುವ ಮಳೆಗಾಳಿಯನ್ನು ಹಿಂದಿನ ಗುಡ್ಡ ಸ್ವಲ್ಪ ತಡೆಯುತ್ತದೆ. ಪಿನೋ ನುವಾರ್ ಬೇಗ ಚಿಗುರುವ, ಬೇಗ ಮಾಗುವ, ಸಿಪ್ಪೆ ತೆಳುವಾದ ತಳಿ. ಸೆಕೆ ಹೆಚ್ಚಾದರೆ ಹುಳಿ ಕಳೆದುಕೊಂಡು ಜಾಮಿನ ಹಾಗೆ ಆಗುತ್ತದೆ, ಚಳಿ ಹೆಚ್ಚಾದರೆ ಮಾಗುವುದೇ ಇಲ್ಲ. ಮಾಗಿಯೂ ಮಾಗದಂತಿರುವ ಆ ಅಂಚಿನಲ್ಲಿ ಅದಕ್ಕೆ ಒಳ್ಳೆಯ ಹದ ಸಿಗುತ್ತದೆ.

ಅಂಚಿನಲ್ಲಿ ಬದುಕುವುದೆಂದರೆ ಅಪಾಯದಲ್ಲಿ ಬದುಕುವುದು. 2021ರ ಮಾರ್ಚ್ ಕೊನೆಯಲ್ಲಿ ಬರ್ಗಂಡಿಯಲ್ಲಿ ಕಾಲವಲ್ಲದ ಕಾಲದಲ್ಲಿ ಬಿಸಿಲೇರಿತು, ಬಳ್ಳಿಗಳು ಕಣ್ಣುಬಿಟ್ಟವು. ಏಪ್ರಿಲ್ ಮೊದಲ ವಾರದಲ್ಲಿ ಮಂಜುಗಡ್ಡೆಯ ಚಳಿ ಬಂತು. ರೈತರು ರಾತ್ರಿಯಿಡೀ ಸಾಲುಗಳ ನಡುವೆ ಬಕೆಟ್ ಗಾತ್ರದ ಮೇಣದ ದೀಪಗಳನ್ನು ಹೊತ್ತಿಸಿ ಗಾಳಿಯನ್ನು ಬೆಚ್ಚಗಿಡಲು ಹೆಣಗಿದರು. ಆದರೂ ಪ್ರಾಂತ್ಯದಾದ್ಯಂತ ಬೆಳೆ ಭಾರೀ ನಷ್ಟವಾಯಿತು. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ನಿಲ್ಲುತ್ತದೆ. ಕೆಳಗಿನ ನೆಲದವರಿಗೆ ಇದು ಇನ್ನೊಂದು ಹೊರೆ.

ಈಗ ಕಾನೂನಿನ ಮಾತು. ಫ್ರೆಂಚ್ ಕ್ರಾಂತಿಯ ನಂತರ ಮಠದ ಆಸ್ತಿ ಸರ್ಕಾರದ ವಶವಾಗಿ ಮಾರಾಟವಾಯಿತು. ಹಲವು ಕೈ ದಾಟಿ, 1889ರವರೆಗೆ ಹೇಗೋ ಇಡಿಯಾಗಿಯೇ ಉಳಿದಿದ್ದ ತೋಟ ಆಗ ಹೋಳಾಯಿತು. ಇಂದು ಅದಕ್ಕೆ ಸುಮಾರು 80 ಒಡೆಯರು. ಕೆಲವರ ಪಾಲಿಗೆ ಬೆರಳೆಣಿಕೆಯ ಸಾಲುಗಳಷ್ಟೇ. 1937ರಲ್ಲಿ ದರ್ಜೆ ನಿಗದಿಯಾದಾಗ ಗೋಡೆಯೊಳಗಿನ ಇಡೀ ನೆಲಕ್ಕೆ ಗ್ರಾಂ ಕ್ರೂ ಎಂಬ ಅತ್ಯುನ್ನತ ದರ್ಜೆ ಸಿಕ್ಕಿತು. ಗೋಡೆಯಾಚೆ, ಇದೇ ಬಗೆಯ ತಗ್ಗುನೆಲದ ವೈನುಗಳು ಸಾಧಾರಣ ದರ್ಜೆಯಲ್ಲಿವೆ. ಸನ್ಯಾಸಿಗಳ ಕಾಲದಲ್ಲಿ ಇದು ಸಮಸ್ಯೆಯಾಗಿರಲಿಲ್ಲ. ಇಡೀ ತೋಟ ಒಂದೇ ಕೈಯಲ್ಲಿತ್ತು, ಮೇಲಿನದನ್ನೂ ಕೆಳಗಿನದನ್ನೂ ಬೇಕಾದ ಹಾಗೆ ಬೆರೆಸಬಹುದಿತ್ತು. ಈಗ ಕೆಳಗೆ ಮಾತ್ರ ನೆಲವಿರುವವರಿಗೆ ಆ ಅವಕಾಶವಿಲ್ಲ. ಹೆಸರು ಒಂದೇ, ಬೆಲೆ ದುಬಾರಿ, ಒಳಗಿರುವುದು ಬೇರೆ ಬೇರೆ. ಕೊಳ್ಳುವವರಿಗೆ ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಕೆಳಗಿನವರನ್ನು ಹೊರಗಿಡಬೇಕೇ? ಅವಸರಪಡಬಾರದು, ಏಕೆಂದರೆ ಹವೆಯೇ ಬದಲಾಗುತ್ತಿದೆ. ಬೋನ್ ಪಟ್ಟಣದ ಸುತ್ತ ಕೊಯ್ಲು ಶುರುವಾದ ದಿನಾಂಕಗಳು 1354ರಿಂದ ಲಭ್ಯವಿವೆ. ಕೊಯ್ಲಿನ ಆಳುಗಳಿಗೆ ಕೂಲಿ ಕೊಟ್ಟ ಲೆಕ್ಕ, ಪುರಸಭೆಯ ದಾಖಲೆ ಮುಂತಾದವುಗಳಿಂದ ಹೆಕ್ಕಿ, 2018ರವರೆಗಿನ 664 ವರ್ಷಗಳ ಪಟ್ಟಿಯನ್ನು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಸರಾಸರಿ ಕೊಯ್ಲು ಸೆಪ್ಟೆಂಬರ್ 28ರ ಸುಮಾರಿಗೆ. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮೊದಲೇ ಶುರುವಾಗುತ್ತಿದೆ. 2003ರ ಬಿಸಿಗಾಳಿಯ ವರ್ಷ ಆಗಸ್ಟಿನಲ್ಲಿಯೇ ಹಣ್ಣು ಬಿಡಿಸಬೇಕಾಯಿತು. ಇಂಥ ಒಣ ವರ್ಷಗಳಲ್ಲಿ ಮೇಲಿನ ತೆಳುಮಣ್ಣಿನ ಬಳ್ಳಿ ಬಾಯಾರಿ ಕಂಗೆಡುತ್ತದೆ, ಹಣ್ಣು ಮಾಗುವ ಕೆಲಸವೇ ನಿಂತುಹೋಗುತ್ತದೆ. ಕೆಳಗಿನ ಜೇಡಿ ಆಗ ಕೂಡಿಟ್ಟ ತೇವವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ತಲೆಮಾರುಗಳ ಕಾಲ ದೋಷವೆನಿಸಿದ್ದ ಗುಣವೇ ಬಳ್ಳಿಯನ್ನು ಕಾಯುತ್ತದೆ.

ಆದ್ದರಿಂದ ದರ್ಜೆಯನ್ನು ಕೀಳುವುದಕ್ಕಿಂತ ನೆಲದ ಗುರುತನ್ನು ಹೇಳುವುದು ಮೇಲು. ತೋಟದ ಒಳಗೂ ಪ್ರತಿ ತುಂಡಿಗೆ ಹಳೆಯ ಹೆಸರುಗಳಿವೆ. ಮೇಲ್ಭಾಗದಲ್ಲಿ ಗ್ರಾಂ ಮೋಪರ್ತುಯಿ ಎಂಬುದು ಅಂಥ ಒಂದು ತುಂಡು. ಕೆಲವೇ ಉತ್ಪಾದಕರು ತಮ್ಮ ತುಂಡಿನ ಹೆಸರನ್ನು ಸೀಸೆಯ ಮೇಲೆ ಅಚ್ಚುಹಾಕುತ್ತಾರೆ. ಉಳಿದವರೂ, ಮುಖ್ಯವಾಗಿ ಕೆಳಗಿನ ನೆಲದವರು, ಅಂಜದೆ ಅದನ್ನೇ ಮಾಡಬೇಕು. ಆಗ ಮಳೆ ಹೆಚ್ಚಾದ ವರ್ಷ ಮೇಲಿನದನ್ನೂ ಬರದ ವರ್ಷ ಕೆಳಗಿನದನ್ನೂ ಕೊಳ್ಳುವವರು ತಿಳಿದೇ ಆರಿಸಿಕೊಳ್ಳುತ್ತಾರೆ.

ನಮಸ್ಕಾರ.